ಮಗುವನ್ನು ಯಾವ ಶಾಲೆಗೆ ಹಾಕುವುದು, ಅಲ್ಲಿ ದೇವರ ವಿಷಯ ಎಷ್ಟಿರಬೇಕು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮೂಲ್ಕಿ ಕಡೆಯವಳು. ಒಂದು ಅನುದಾನಿತ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಮೂವತ್ತೊಂದು ವರ್ಷ ಕಲಿಸಿದೆ, ಕೊನೆಯ ಆರು ವರ್ಷ ಮುಖ್ಯ ಶಿಕ್ಷಕಿಯಾಗಿದ್ದೆ. ನಾನು ಕಲಿತದ್ದು ಮಿಷನ್ ಶಾಲೆಯಲ್ಲಿ, ಕಲಿಸಿದ್ದು ದೇವಸ್ಥಾನದವರ ಆಡಳಿತದ ಶಾಲೆಯಲ್ಲಿ. ಏಪ್ರಿಲ್‌ನಲ್ಲಿ ಶಾಲೆಗಳಿಗೆ ರಜೆ ಸಿಕ್ಕಿತೆಂದರೆ ನಮ್ಮ ಜಗಲಿಗೆ ಜನ ಬರಲು ಶುರು. “ಟೀಚರೇ, ಒಂದು ಕೇಳ್ಲಿಕ್ಕಿತ್ತು” ಎಂದು ಕುಳಿತವರು ಫೀಸು, ಬಸ್ಸು, ಯೂನಿಫಾರ್ಮಿನಿಂದ ಆರಂಭಿಸುತ್ತಾರೆ. ಕಾಫಿ ಅರ್ಧ ಆಗುವಾಗ ಸ್ವರ ತಗ್ಗಿಸಿ ನಿಜವಾದ ಪ್ರಶ್ನೆ ಕೇಳುತ್ತಾರೆ. ಆ ತಗ್ಗಿದ ಸ್ವರದ ಪ್ರಶ್ನೆಗಳನ್ನೇ ಇಲ್ಲಿ ಬರೆದಿದ್ದೇನೆ.

ನಮ್ಮವರ ಶಾಲೆಗೇ ಹಾಕುವುದು ಒಳ್ಳೆಯದಲ್ಲವಾ?

“ನಮ್ಮವರು” ಎಂದರೆ ಯಾರು ಎಂದು ನಾನು ಮೊದಲು ಕೇಳುತ್ತೇನೆ. ಕೆಲವರಿಗೆ ಧರ್ಮ, ಕೆಲವರಿಗೆ ಜಾತಿ, ಕೊಂಕಣಿಯವರಿಗೆ ಭಾಷೆ. ದಕ್ಷಿಣ ಕನ್ನಡ, ಉಡುಪಿ ಎಂಬ ನಮ್ಮ ಎರಡು ಜಿಲ್ಲೆಗಳಲ್ಲಿ ಹಳೆಯ ಶಾಲೆ ಯಾವುದನ್ನೇ ತೆಗೆದುಕೊಳ್ಳಿ, ಅದರ ಹಿಂದೆ ಒಂದು ಚರ್ಚೋ ಮಠವೋ ದೇವಸ್ಥಾನವೋ ಸಮಾಜವೋ ಇರುತ್ತದೆ. ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಜೆಸ್ವಿಟರು ಸಂತ ಅಲೋಶಿಯಸ್ ಕಾಲೇಜು ತೆರೆದದ್ದು 1880ರಲ್ಲಿ. ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹೈಸ್ಕೂಲು ಕಟ್ಟಿದ್ದು 1891ರಲ್ಲಿ. ಅದೇ ಕಾಲದಲ್ಲಿ ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗಾಗಿ ಬೇರೆಯೇ ಶಾಲೆ ತೆರೆಯಬೇಕಾಯಿತು, ಏಕೆಂದರೆ ಊರಿನ ಬೇರೆ ಶಾಲೆಗಳ ಬಾಗಿಲು ಆ ಮಕ್ಕಳಿಗೆ ತೆರೆದಿರಲಿಲ್ಲ. ಹಾಗಾಗಿ ಧರ್ಮದವರು ಶಾಲೆ ನಡೆಸುವುದನ್ನು ನಾನು ತಪ್ಪೆನ್ನಲಾರೆ. ಅವರು ನಡೆಸದಿದ್ದರೆ ನಾನು ಅಕ್ಷರ ಕಲಿಯುತ್ತಿರಲಿಲ್ಲ.

ಆದರೆ ಶಾಲೆ ನೋಡಲು ಹೋದಾಗ ಒಂದು ಕೆಲಸ ಮಾಡಿ. ಕಟ್ಟಡ, ಸ್ಮಾರ್ಟ್ ಕ್ಲಾಸು, ಈಜುಕೊಳ ಎಲ್ಲ ನೋಡಿದ ಮೇಲೆ ಎರಡನೇ ತರಗತಿಯ ಹಾಜರಿ ಕರೆಯುವ ಹೊತ್ತಿಗೆ ಹೊರಗೆ ವರಾಂಡದಲ್ಲಿ ನಿಂತು ಕೇಳಿ. ನನ್ನ ಹಾಜರಿ ಪುಸ್ತಕದಲ್ಲಿ ಆಯಿಶಾ, ಅನಿತಾ, ಆಶ್ಲಿನ್, ಭವ್ಯ, ಡೆಂಜಿಲ್, ಫಾರೂಕ್ ಎಂದು ಹೆಸರುಗಳು ಇಂಗ್ಲಿಷ್ ಅಕ್ಷರದ ಕ್ರಮದಲ್ಲಿ ಹೋಗುತ್ತಿದ್ದವು. ಅಕ್ಷರದ ಕ್ರಮಕ್ಕೆ ಜಾತಿ ಗೊತ್ತಿಲ್ಲ ನೋಡಿ. ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಕೆಲವು ಶಾಲೆಗಳ ಹಾಜರಿ ಒಂದೇ ಮದುವೆ ಮನೆಯ ಆಮಂತ್ರಣ ಪಟ್ಟಿಯ ಹಾಗೆ ಕೇಳಿಸುತ್ತದೆ. ಹಿಂದೂ, ಕ್ರೈಸ್ತ, ಮುಸ್ಲಿಂ ಮೂರೂ ಕಡೆಯವರ ಶಾಲೆಗಳಲ್ಲೂ ಹೀಗೆಯೇ. ಅಂಥ ಶಾಲೆಯಲ್ಲಿ ಮಾರ್ಕು ಎಷ್ಟೇ ಬರಲಿ, ನಾನು ಒಂದು ಹೆಜ್ಜೆ ಹಿಂದೆ ಸರಿಯುತ್ತೇನೆ. ಮಾರ್ಕಿಗೆ ನಮ್ಮಲ್ಲಿ ಬರವಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ 2024ರಲ್ಲಿ ಉಡುಪಿ ಮೊದಲು, ದಕ್ಷಿಣ ಕನ್ನಡ ಎರಡನೆಯದು. 2025ರಲ್ಲಿ ಅದೇ ತಿರುಗಾಮುರುಗಾ. ಪಕ್ಕದ ಬೆಂಚಿನಲ್ಲಿ ಯಾರು ಕೂತಿರುತ್ತಾರೆ ಎನ್ನುವುದನ್ನು ಮಾತ್ರ ಆಮೇಲೆ ಟ್ಯೂಶನ್ ಕೊಡಿಸಿ ಸರಿಮಾಡಲು ಬರುವುದಿಲ್ಲ.

ಕಾನ್ವೆಂಟಿಗೆ ಹಾಕಿದರೆ ಮಗು ಅವರ ಪ್ರಾರ್ಥನೆಯನ್ನೇ ಕಲಿಯುತ್ತದಲ್ಲ?

ಕಲಿಯಬಹುದು. ನನ್ನ ಮಗ ಒಂದನೇ ತರಗತಿಯಲ್ಲಿದ್ದಾಗ ಊಟದ ಬಟ್ಟಲಿನ ಎದುರು ಹಣೆ, ಎದೆ, ಎರಡು ಭುಜ ಮುಟ್ಟಿ ಶಿಲುಬೆಯ ಗುರುತು ಹಾಕಿದ. ಮಗಳು ನಕ್ಕಳು. ನಾನು ಅತ್ತೆಯ ಮುಖ ನೋಡಿದೆ. ಅವರು ಅನ್ನ ಬಡಿಸುತ್ತಲೇ, “ಉಣ್ಣುವ ಮೊದಲು ದೇವರನ್ನು ನೆನೆಸಿದನಲ್ಲ, ಇವನ ಅಪ್ಪ ಅಷ್ಟೂ ಮಾಡುವುದಿಲ್ಲ” ಎಂದರು. ಎರಡು ವರ್ಷಕ್ಕೆ ಆ ಅಭ್ಯಾಸ ತಾನಾಗಿಯೇ ಹೋಯಿತು. ಕ್ರೈಸ್ತ ಆಡಳಿತದ ಎಷ್ಟೋ ಶಾಲೆಗಳಲ್ಲಿ ಕೆಥೊಲಿಕ್ ಮಕ್ಕಳಿಗೆ ಕ್ರೈಸ್ತ ಶಿಕ್ಷಣದ ಪೀರಿಯಡ್ ಇರುವಾಗ ಉಳಿದವರಿಗೆ ನೀತಿಪಾಠ ಇರುತ್ತದೆ. ನಾನು ಕಲಿಯುವಾಗಲೂ ಹಾಗೇ ಇತ್ತು. ನಮ್ಮ ನೀತಿಪಾಠದ ಪೀರಿಯಡ್ ಹೆಚ್ಚಾಗಿ ಲಗೋರಿಯಲ್ಲಿ ಮುಗಿಯುತ್ತಿತ್ತು.

ಕಾನೂನು ಬೇಕಿದ್ದರೆ ಸಂವಿಧಾನದ 28ನೇ ವಿಧಿಯ ಮೂರನೇ ಖಂಡ ನೋಡಿ. ಸರ್ಕಾರದ ಮಾನ್ಯತೆಯೋ ಅನುದಾನವೋ ಇರುವ ಯಾವ ಶಾಲೆಯೂ ಮಗುವನ್ನು ಧಾರ್ಮಿಕ ಬೋಧನೆಗಾಗಲಿ ಪೂಜೆ ಪ್ರಾರ್ಥನೆಗಾಗಲಿ ಪೋಷಕರ ಒಪ್ಪಿಗೆ ಇಲ್ಲದೆ ಕೂರಿಸುವ ಹಾಗಿಲ್ಲ. ಇದು ಕಾನ್ವೆಂಟಿಗೂ ಸರಿ, ಮಠದ ಶಾಲೆಗೂ ಸರಿ, ಮುಸ್ಲಿಂ ಆಡಳಿತದ ಶಾಲೆಗೂ ಸರಿ. ನಮ್ಮ ಜನ ಈ ವಿಧಿಯನ್ನು ಬೇರೆಯವರ ಶಾಲೆಯ ವಿಷಯಕ್ಕೆ ಮಾತ್ರ ನೆನಪಿಸಿಕೊಳ್ಳುತ್ತಾರೆ. ದಾಖಲಾತಿ ಅರ್ಜಿಯಲ್ಲಿ “ಶಾಲೆಯ ಎಲ್ಲ ಕಾರ್ಯಕ್ರಮಗಳಿಗೆ ಒಪ್ಪಿಗೆ ಇದೆ” ಎಂಬ ಸಣ್ಣ ಅಕ್ಷರದ ಸಾಲು ಇದ್ದರೆ ಓದಿ ಸಹಿ ಹಾಕಿ. ನಿಮ್ಮ ಒಪ್ಪಿಗೆ ಅಲ್ಲಿಯೇ ಕೊಟ್ಟಾಗಿರುತ್ತದೆ.

ಸರ್ಕಾರಿ ಶಾಲೆಯಲ್ಲಿ ನವರಾತ್ರಿಗೆ ಶಾರದಾ ಪೂಜೆ ಮಾಡುತ್ತಾರಲ್ಲ, ಅದು ಸರಿಯಾ?

ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು ಎನ್ನುತ್ತದೆ 28ನೇ ವಿಧಿಯ ಮೊದಲ ಖಂಡ. ಪಾಠದ ಪುಸ್ತಕಕ್ಕೆ ಅರಸಿನ ಕುಂಕುಮ ಹಚ್ಚಿ, ಅವಲಕ್ಕಿ ಪಂಚಕಜ್ಜಾಯ ಹಂಚುವುದು ಬೋಧನೆಯಾ, ಹಬ್ಬವಾ? ನಮ್ಮೂರಲ್ಲಿ ಎಲ್ಲರೂ ಹಬ್ಬ ಎನ್ನುತ್ತಾರೆ, ಬ್ಯಾರಿ (ಕರಾವಳಿಯ ಮುಸ್ಲಿಂ) ಮಕ್ಕಳೂ ಪಂಚಕಜ್ಜಾಯಕ್ಕೆ ಸಾಲು ನಿಲ್ಲುತ್ತಾರೆ. ಆದರೂ ನನಗೆ ಒಂದು ಅಳುಕಿದೆ. ನಮ್ಮ ಅನುದಾನಿತ ಶಾಲೆಯಲ್ಲೂ ಈ ಪೂಜೆ ಇತ್ತು, ಒಂದು ವರ್ಷ ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಆ ದಿನ ಮಾತ್ರ ಗೈರು. ಮರುದಿನ ರಜಾ ಚೀಟಿಯಲ್ಲಿ “ಹೊಟ್ಟೆನೋವು” ಎಂದಿತ್ತು. ಮುಂದಿನ ವರ್ಷವೂ ಅದೇ ದಿನ, ಅದೇ ಹೊಟ್ಟೆನೋವು. ಮಗು ಸುಳ್ಳು ಚೀಟಿ ತರಬೇಕಾಗಿ ಬಂದದ್ದು ನಮ್ಮ ತಪ್ಪು. ಮೂರನೇ ವರ್ಷ ನಾನೇ ಅವಳ ತಾಯಿಯನ್ನು ಕರೆಸಿ, ಪೂಜೆಯ ಹೊತ್ತಿಗೆ ಅವಳು ಲೈಬ್ರರಿ ಕೋಣೆಯಲ್ಲಿ ಕೂತು ಆಮೇಲೆ ಆಟಕ್ಕೆ ಸೇರಿಕೊಳ್ಳಲಿ ಎಂದೆ. ಅವಳ ಜೊತೆ ಇನ್ನೂ ನಾಲ್ಕು ಮಕ್ಕಳು ಹೋಗಿ ಕೂತರು. ಅದರಲ್ಲಿ ಇಬ್ಬರು ಭಟ್ಟರ ಮನೆಯವರು, ಪೂಜೆ ಮನೆಯಲ್ಲೇ ದಿನಾ ನೋಡಿ ಬೇಸತ್ತವರು.

ಹೀಗೆ ದೂರ ನಿಲ್ಲುವ ಮಕ್ಕಳ ಬಗ್ಗೆ ಕೋರ್ಟೂ ಹೇಳಿದೆ. ಕೇರಳದಲ್ಲಿ ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಗಡದ ಮೂವರು ಮಕ್ಕಳು ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಿದ್ದರು, ಆದರೆ ಹಾಡುತ್ತಿರಲಿಲ್ಲ. ಶಾಲೆಯವರು ಹೊರಗೆ ಹಾಕಿದರು. 1986ರಲ್ಲಿ ಸುಪ್ರೀಂ ಕೋರ್ಟು ಅವರನ್ನು ವಾಪಸು ಸೇರಿಸಿಕೊಳ್ಳಿ ಎಂದಿತು. ಗೌರವದಿಂದ ಸುಮ್ಮನೆ ನಿಂತ ಮಗುವನ್ನು ಹಾಡಲೇಬೇಕೆಂದು ಹಿಡಿದೆಳೆಯುವ ಕೆಲಸ ಶಾಲೆಯದ್ದಲ್ಲ ಎಂದು ಮೇಷ್ಟ್ರ ಟ್ರೈನಿಂಗಿನಲ್ಲೇ ಹೇಳಿಕೊಡಬೇಕಿತ್ತು.

ಅಲ್ಪಸಂಖ್ಯಾತ ಶಾಲೆಯವರು ನಮಗೆ ಸೀಟು ಇಲ್ಲ ಎನ್ನಬಹುದಾ? ಆರ್‌ಟಿಇ ಸೀಟು?

ಅನುದಾನ ಪಡೆಯುವ ಶಾಲೆಯಾದರೆ ಧರ್ಮ, ಜಾತಿ, ಭಾಷೆಯ ಕಾರಣಕ್ಕೆ ಮಾತ್ರ ಸೀಟು ಇಲ್ಲ ಎನ್ನಲಾಗದು. ಅದು 29ನೇ ವಿಧಿ. ಅಲ್ಪಸಂಖ್ಯಾತರಿಗೆ ತಮ್ಮ ಸಂಸ್ಥೆ ಕಟ್ಟಿ ನಡೆಸುವ ಹಕ್ಕು 30ನೇ ವಿಧಿಯದ್ದು. ಈ ಎರಡರ ಎಳೆದಾಟದ ದೊಡ್ಡ ತೀರ್ಪು ಬಂದದ್ದು ನಮ್ಮ ಮಣಿಪಾಲದ ಹೆಸರಿನಲ್ಲೇ: ಟಿ.ಎಂ.ಎ. ಪೈ ಫೌಂಡೇಶನ್ ಪ್ರಕರಣ, 2002, ಹನ್ನೊಂದು ನ್ಯಾಯಮೂರ್ತಿಗಳ ಪೀಠ. ಯಾರು ಅಲ್ಪಸಂಖ್ಯಾತರು ಎನ್ನುವುದನ್ನು ರಾಜ್ಯವಾರು ಲೆಕ್ಕ ಹಾಕಬೇಕು ಎಂದದ್ದು ಅಲ್ಲಿಯೇ.

ಆರ್‌ಟಿಇ ಅಂದರೆ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್‌ನಲ್ಲಿ. ಖಾಸಗಿ ಶಾಲೆಯಲ್ಲಿ ಬಡ, ಹಿಂದುಳಿದ ಮಕ್ಕಳಿಗೆ ಶೇ. 25 ಸೀಟು ಎಂಬುದು ಎಲ್ಲರಿಗೂ ಬಾಯಿಪಾಠ. ಆದರೆ 2014ರಲ್ಲಿ ಸುಪ್ರೀಂ ಕೋರ್ಟು ಈ ಕಾಯ್ದೆ ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯಿಸುವುದಿಲ್ಲ ಎಂದಿತು. 2025ರಲ್ಲಿ ಅದೇ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಆ ತೀರ್ಪಿನ ಬಗ್ಗೆಯೇ ಸಂಶಯ ಎತ್ತಿದ್ದಾರೆ. ಕರ್ನಾಟಕದಲ್ಲಿ ಇನ್ನೊಂದು ತೊಡಕು ಇದೆ. 2019ರಿಂದ ಈಚೆಗೆ ನಿಮ್ಮ ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯ ಆರ್‌ಟಿಇ ಸೀಟು ಸಿಗುವುದಿಲ್ಲ. ನಮ್ಮ ಕಡೆ ಸರ್ಕಾರಿ ಶಾಲೆ ಇಲ್ಲದ ನೆರೆಹೊರೆ ಹುಡುಕುವುದು ಕಷ್ಟ. ಆ ಸೀಟಿನ ಆಸೆಯಲ್ಲಿ ಬೇರೆ ಶಾಲೆಯ ಅರ್ಜಿಯ ದಿನ ತಪ್ಪಿಸಿಕೊಳ್ಳಬೇಡಿ.

ಬೆಳಿಗ್ಗೆ ಮದ್ರಸ, ಸಂಜೆ ಭಜನೆ, ಭಾನುವಾರ ದೊತೊರ್ನ್ (ಇಗರ್ಜಿಯ ಧರ್ಮಪಾಠ). ಮಗುವಿಗೆ ಭಾರ ಆಗುವುದಿಲ್ಲವಾ?

ಇದನ್ನು ಕೇಳುವವರು ಯಾವಾಗಲೂ ಪಕ್ಕದ ಮನೆಯ ಮಗುವಿನ ಬಗ್ಗೆಯೇ ಕೇಳುತ್ತಾರೆ. ಧರ್ಮ ಮನೆಯವರಿಂದ, ಶಾಲೆಯ ಹೊರಗೆ ಬರಲಿ ಎಂಬುದು ನನ್ನ ಮಾತೂ ಹೌದು. ಆದರೆ ಮೊದಲ ಪೀರಿಯಡ್ ತೆಗೆದುಕೊಳ್ಳುತ್ತಿದ್ದವಳು ನಾನು. ಆರು ಗಂಟೆಗೆ ಎದ್ದು, ಮದ್ರಸ ಮುಗಿಸಿ, ತಲೆ ಒದ್ದೆಯಾಗಿಯೇ ಓಡಿ ಬಂದ ಹುಡುಗ ಮಗ್ಗಿಯ ಮಧ್ಯೆ ತೂಕಡಿಸುವುದನ್ನು ನೋಡಿದ್ದೇನೆ. ಜಾತ್ರೆಯ ಸಮಯದಲ್ಲಿ ರಾತ್ರಿ ಒಂದರವರೆಗೆ ಕುಣಿತ ಭಜನೆಯಲ್ಲಿ ಇದ್ದವನದ್ದೂ ಅದೇ ಗತಿ. ಇಬ್ಬರಿಗೂ ನಾನು ಮುಖ ತೊಳೆದು ಬಾ ಎಂದದ್ದೇ ಹೊರತು ಎಲ್ಲಿ ಹೋಗಿದ್ದೆ ಎಂದು ಕೇಳಲಿಲ್ಲ. ಉಸ್ತಾದರ ಹತ್ತಿರವೋ ಮಂಡಳಿಯವರ ಹತ್ತಿರವೋ ಸಮಯ ಅರ್ಧ ಗಂಟೆ ಹಿಂದೆ ಮುಂದೆ ಮಾಡಿ ಎಂದು ತಂದೆ ತಾಯಿ ಹೋಗಿ ಕೇಳಿದರೆ ಕೇಳುತ್ತಾರೆ. ನಾನು ಒಮ್ಮೆ ಕೇಳಿಸಿದ್ದೇನೆ.

ಹಾಗಾದರೆ ಶಾಲೆಯಲ್ಲಿ ಧರ್ಮದ ಮಾತೇ ಬೇಡವಾ?

ಬೇಡ ಎಂದವರು ಯಾರು? ಧರ್ಮವನ್ನು ಬೋಧಿಸುವುದು ಬೇರೆ, ಧರ್ಮಗಳ ಬಗ್ಗೆ ತಿಳಿಸುವುದು ಬೇರೆ. 2002ರ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದೇ ಗೆರೆ ಎಳೆಯಿತು. ಧರ್ಮಗಳ ಕುರಿತ ಅಧ್ಯಯನಕ್ಕೆ 28ನೇ ವಿಧಿಯ ಅಡ್ಡಿಯಿಲ್ಲ. ತುಳುನಾಡಿನಲ್ಲಿ ಇದ್ದುಕೊಂಡು ಧರ್ಮದ ಸುದ್ದಿ ಎತ್ತದೆ ಸಮಾಜ ಪಾಠ ಮಾಡಲು ಸಾಧ್ಯವೇ ಇಲ್ಲ. ನಮ್ಮ ಮೂಲ್ಕಿಯ ದೇವಸ್ಥಾನ ಇರುವ ಬಪ್ಪನಾಡಿಗೆ ಆ ಹೆಸರು ಎಲ್ಲಿಂದ ಬಂತು ಎಂದು ಮಗು ಕೇಳಿದರೆ ಬಪ್ಪ ಬ್ಯಾರಿಯ ಕಥೆ ಹೇಳಲೇಬೇಕು. ಶಾಂಭವಿ ಹೊಳೆಯಲ್ಲಿ ಅವನ ದೋಣಿ ನಿಂತದ್ದು, ಕನಸಿನಲ್ಲಿ ದುರ್ಗಾಪರಮೇಶ್ವರಿ ಬಂದದ್ದು, ಇಂದಿಗೂ ಜಾತ್ರೆಯಲ್ಲಿ ಆ ಮನೆತನಕ್ಕೆ ಪ್ರಸಾದ ಸಲ್ಲುವುದು. ಅದನ್ನು ಬಿಟ್ಟರೆ ನಮ್ಮ ಊರಿನ ಹೆಸರಿಗೇ ಅರ್ಥವಿಲ್ಲ.

ಸೆಪ್ಟೆಂಬರ್ ಎಂಟು ಮೊಂತಿ ಫೆಸ್ತ್, ಕೊಂಕಣಿ ಕೆಥೊಲಿಕರ ತೆನೆ ಹಬ್ಬ. ಒಂದು ಸಲ ಆ ವಾರ ಐದನೇ ತರಗತಿಗೆ ನಾನು ಒಂದು ಭತ್ತದ ತೆನೆ ತೆಗೆದುಕೊಂಡು ಹೋದೆ. “ಇದನ್ನು ನಿಮ್ಮ ಮನೆಯಲ್ಲಿ ಏನು ಮಾಡುತ್ತೀರಿ?” ಇಷ್ಟೇ ಪ್ರಶ್ನೆ. ಡೆಂಜಿಲ್ ಎದ್ದು, ಇಗರ್ಜಿಯಲ್ಲಿ ಆಶೀರ್ವದಿಸಿದ ತೆನೆ ತಂದು, ಹೊಸ ಅಕ್ಕಿಯನ್ನು ಪಾಯಸಕ್ಕೆ ಹಾಕಿ, ಆ ದಿನ ಮೀನಿಲ್ಲದ ಊಟ, ತರಕಾರಿ ಪದಾರ್ಥಗಳ ಲೆಕ್ಕ ಬೆಸವೇ ಇರಬೇಕು ಎಂದ. ಭವ್ಯ, ನಮ್ಮಲ್ಲಿಯೂ ಹೊಸ ಅಕ್ಕಿ ಊಟ ಉಂಟು, ಅಜ್ಜ ತೆನೆಯನ್ನು ಮಾವಿನ ಎಲೆ, ಹಲಸಿನ ಎಲೆ ಸೇರಿಸಿ ಬಾಗಿಲಿಗೆ, ಕಂಬಕ್ಕೆ, ಅಕ್ಕಿ ಮುಡಿಗೆ ಕಟ್ಟುತ್ತಾರೆ ಎಂದಳು. ಇಬ್ಬರೂ ಒಬ್ಬರನ್ನೊಬ್ಬರು ನಂಬಲಿಲ್ಲ. ತಮ್ಮ ಮನೆಯ ಹಬ್ಬವನ್ನು ಇನ್ನೊಬ್ಬರು ಕದ್ದ ಹಾಗೆ ನೋಡಿದರು. ಹಿಂದಿನ ಬೆಂಚಿನಿಂದ ಫಾರೂಕ್ ಹೇಳಿದ, “ನಮಗೆ ಗದ್ದೆ ಇಲ್ಲ ಟೀಚರ್, ಅಪ್ಪನದ್ದು ಮೀನು. ನಮಗೆ ಹೊಸತು ಬರುವುದು ಆಗಸ್ಟಿನಲ್ಲಿ, ಬೋಟು ಇಳಿದ ಮೇಲೆ.” ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಅಲ್ಲವಾ, ಅದರ ಲೆಕ್ಕ ಅವನದ್ದು. ಪೀರಿಯಡ್ ಮುಗಿದರೂ ಮಕ್ಕಳು ಬಿಡಲಿಲ್ಲ. ಪಾಠ ಯೋಜನೆಯ ಪುಸ್ತಕದಲ್ಲಿ ಆ ದಿನ “ಭತ್ತ” ಎಂದಷ್ಟೇ ಬರೆದೆ, ಇನ್ಸ್‌ಪೆಕ್ಷನ್ನಿಗೆ ಬಂದವರು ಇದು ವಿಜ್ಞಾನವಾ ಸಮಾಜವಾ ಎಂದು ಕೇಳಿದರು.

ಹಣ ಮತ್ತು ಧೈರ್ಯ ಎರಡೂ ಇರುವ ಶಾಲೆ ಒಂದೇ ದಿನದ ಬಸ್ಸಿನಲ್ಲಿ ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಅತ್ತೂರಿನ ಇಗರ್ಜಿ, ಕುದ್ರೋಳಿಯ ದೇವಸ್ಥಾನ, ಉಳ್ಳಾಲದ ದರ್ಗಾ ತೋರಿಸಬಹುದು. ಹಣ ಇರುವ ಶಾಲೆಗಳು ಮಕ್ಕಳನ್ನು ವಂಡರ್ ಲಾಗೆ ಕರೆದುಕೊಂಡು ಹೋಗುತ್ತವೆ.

ಭಗವದ್ಗೀತೆ ಕಲಿಸಬೇಕು ಎನ್ನುತ್ತಾರಲ್ಲ?

ಕನ್ನಡ ಪಠ್ಯದಲ್ಲಿ ಕುಮಾರವ್ಯಾಸ, ವಚನ, ಷರೀಫರ ಪದ ಎಂದಿನಿಂದಲೂ ಇದೆ. ಪಂಪ ಜೈನನೆಂದು ಯಾವ ಮಗುವೂ ಪಾಠ ಬಿಟ್ಟು ಎದ್ದು ಹೋಗಿಲ್ಲ. ಹೈಸ್ಕೂಲಿನಲ್ಲಿ ಗೀತೆಯ ಒಂದು ಭಾಗವನ್ನೂ ಹಾಗೆಯೇ ಸಾಹಿತ್ಯವಾಗಿ ಓದಲಿ, ಬೈಬಲ್ಲಿನದ್ದನ್ನೂ ಕುರಾನಿನದ್ದನ್ನೂ ಓದಲಿ. ಬೆಳಗಿನ ಅಸೆಂಬ್ಲಿಯಲ್ಲಿ ಕಡ್ಡಾಯ ಪಠಣ ಎಂದರೆ ಮಾತ್ರ ನಾನಿಲ್ಲ. 2023ರಿಂದ ಸಂವಿಧಾನದ ಪೀಠಿಕೆ ಓದಿಸುತ್ತಿದ್ದಾರೆ; ಅದನ್ನೂ ಮಕ್ಕಳು ಅರ್ಥವಾಗದೆ ಗಿಳಿಪಾಠ ಒಪ್ಪಿಸುತ್ತಿರುವುದನ್ನು ಕಂಡಿದ್ದೇನೆ, ಎಂಥ ಮಾಡುವುದು.

ಪಠ್ಯಪುಸ್ತಕ ಸರ್ಕಾರ ಬದಲಾದಾಗಲೆಲ್ಲ ಬದಲಾಗುತ್ತದೆ. ಯಾವುದನ್ನು ನಂಬುವುದು?

2022ರಲ್ಲಿ ಹತ್ತನೇ ತರಗತಿಯ ಸಮಾಜ ವಿಜ್ಞಾನದಿಂದ ನಾರಾಯಣ ಗುರುಗಳ ಪಾಠ ಹೋದಾಗ ಕರಾವಳಿಯಲ್ಲಿ ಎಷ್ಟು ಗದ್ದಲವಾಯಿತು ನೆನಪಿದೆಯಲ್ಲ. ಗುರುಗಳು 1912ರಲ್ಲಿ ಕುದ್ರೋಳಿಯಲ್ಲಿ ಪ್ರತಿಷ್ಠೆ ಮಾಡಿದ ಗೋಕರ್ಣನಾಥ ಮಂಗಳೂರಿನ ಬಸ್‌ಸ್ಟ್ಯಾಂಡಿನಿಂದ ದೂರವಿಲ್ಲ. ಪುಸ್ತಕದಲ್ಲಿ ಪಾಠ ಇಲ್ಲದಿದ್ದರೆ ಒಂದು ಭಾನುವಾರ ಮಗುವನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಈ ದೇವಸ್ಥಾನ ಯಾಕೆ ಬೇಕಾಯಿತು, ಬೇರೆ ದೇವಸ್ಥಾನಗಳ ಒಳಗೆ ಯಾರಿಗೆ ಬಿಡುತ್ತಿರಲಿಲ್ಲ ಎಂದು ಹೇಳಿ.

ಮನೆಯಲ್ಲಿ ಹೇಳುವುದೊಂದು, ವಿಜ್ಞಾನದ ಟೀಚರ್ ಹೇಳುವುದೊಂದು. ಮಗು ಗೊಂದಲಕ್ಕೆ ಬೀಳುವುದಿಲ್ಲವಾ?

2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣ ಮಂಗಳೂರಿನಲ್ಲಿ ಪೂರ್ತಿ ಉಂಗುರವಾಗಿ ಕಂಡಿತು. ನಾನು ತಂಗಿಯ ಮನೆಯ ತಾರಸಿಯಲ್ಲಿದ್ದೆ. ಕೆಳಗೆ ಅವಳ ಅತ್ತೆ ಬಾಗಿಲು ಹಾಕಿ, ನೀರಿನ ಕೊಡಕ್ಕೆ ದರ್ಭೆ ಹಾಕಿ ಜಪಕ್ಕೆ ಕೂತಿದ್ದರು. ಮೇಲೆ ಮಕ್ಕಳು ಗ್ರಹಣದ ಕನ್ನಡಕ ಕಸಿದುಕೊಂಡು ನೋಡುತ್ತಿದ್ದರು. ಒಂಬತ್ತೂವರೆ ಹೊತ್ತಿಗೆ ಬಿಸಿಲು ಬೆಳದಿಂಗಳ ಹಾಗೆ ಮಂಕಾಯಿತು. ಏಳು ವರ್ಷದ ಹುಡುಗಿ ಕೆಳಗೆ ಓಡಿ, “ಅಜ್ಜೀ, ಉಂಗುರ!” ಎಂದಳು. ಅಜ್ಜಿ ಜಪಮಾಲೆ ಬಿಡದೆಯೇ, “ಪೂರ್ತಿ ದುಂಡಗಾ?” ಎಂದು ಕೇಳಿದರು. ಮಗು ಗೊಂದಲಕ್ಕೆ ಬಿದ್ದದ್ದನ್ನು ನಾನು ನೋಡಲಿಲ್ಲ. ಆದರೆ ಶಾಲೆ ತನ್ನ ಪಾಲಿನದ್ದನ್ನು ಅಳುಕದೆ ಹೇಳಬೇಕು. ಎನ್‌ಸಿಇಆರ್‌ಟಿಯವರು ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಿಂದ ಜೀವವಿಕಾಸದ ಭಾಗವನ್ನು ಪಾಠದ ಹೊರೆ ಇಳಿಸುವ ಹೆಸರಿನಲ್ಲಿ ತೆಗೆದದ್ದು ನನಗೆ ಸರಿಕಂಡಿಲ್ಲ. ಹತ್ತನೆಯ ನಂತರ ಕಾಮರ್ಸ್ ತೆಗೆದುಕೊಳ್ಳುವ ಮಗು ಅದನ್ನು ಇನ್ನೆಲ್ಲಿ ಓದಬೇಕು?

ಬುತ್ತಿ, ಮೊಟ್ಟೆ?

ಬಿಸಿಯೂಟದ ಜೊತೆ ಸರ್ಕಾರ ಕೊಡುವ ಮೊಟ್ಟೆ ಬೇಡದವರಿಗೆ ಬಾಳೆಹಣ್ಣು ಇದೆ. ಮೊದಲೇ ಹೇಳಿ ಬರೆಸಿದರೆ ಮುಗಿಯಿತು. ಒಂದು ಎಚ್ಚರ: ಮನೆಯಲ್ಲಿ “ಬಾಳೆಹಣ್ಣು” ಎಂದು ಬರೆಸಿದ ಮಕ್ಕಳು ಶಾಲೆಯಲ್ಲಿ ಮೊಟ್ಟೆಯ ಸಾಲಿನಲ್ಲಿ ನಿಂತಿರುತ್ತಾರೆ. ಟೀಚರ್ ಚಾಡಿ ಹೇಳಬೇಕೆಂದು ನಿರೀಕ್ಷಿಸಬೇಡಿ.

ಹಿಜಾಬ್, ರುದ್ರಾಕ್ಷಿ, ಕೊರಳ ಶಿಲುಬೆ?

ಈ ಪ್ರಶ್ನೆ ದೇಶವೆಲ್ಲ ಸುತ್ತಿದ್ದು ಉಡುಪಿಯಿಂದ. 2022ರ ಫೆಬ್ರವರಿ 5ರಂದು ಸಮವಸ್ತ್ರದ ಬಗ್ಗೆ ಸರ್ಕಾರದ ಆದೇಶ, ಮಾರ್ಚ್ 15ರಂದು ಅದನ್ನು ಎತ್ತಿಹಿಡಿದ ಹೈಕೋರ್ಟು ತೀರ್ಪು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನಲ್ಲಿ ಇಬ್ಬರು ನ್ಯಾಯಮೂರ್ತಿಗಳ ಎರಡು ಅಭಿಪ್ರಾಯ, ಅಲ್ಲಿಂದ ದೊಡ್ಡ ಪೀಠಕ್ಕೆ. ನನ್ನ ಅಭಿಪ್ರಾಯ ಕೇಳಿದರೆ, ಪರೀಕ್ಷೆಗೆ ಎರಡು ತಿಂಗಳಿರುವಾಗ ಹುಡುಗಿಯರನ್ನು ಗೇಟಿನ ಹೊರಗೆ ನಿಲ್ಲಿಸಬಾರದಿತ್ತು. ಮಗಳನ್ನು ಸೇರಿಸುವ ಮೊದಲು ಆ ಶಾಲೆಯ ಸಮವಸ್ತ್ರದ ನಿಯಮವನ್ನು ಬಾಯಿಮಾತಿನಲ್ಲಿ ಕೇಳಬೇಡಿ, ಬರಹದಲ್ಲಿ ಕೇಳಿ.

ಕನ್ನಡ ಮಾಧ್ಯಮವಾ, ಇಂಗ್ಲಿಷಾ?

ಅದು ಪೋಷಕರ ಆಯ್ಕೆ ಎಂದು 2014ರಲ್ಲೇ ಸುಪ್ರೀಂ ಕೋರ್ಟು ಹೇಳಿಯಾಗಿದೆ. ತುಳುವನ್ನು ಆರನೇ ತರಗತಿಯಿಂದ ಮೂರನೇ ಭಾಷೆಯಾಗಿ ಕಲಿಸುವ ಶಾಲೆಗಳೂ ನಮ್ಮಲ್ಲಿವೆ, ಹುಡುಕಿ ನೋಡಿ. ಇದರ ಬಗ್ಗೆ ಮಾತು ಶುರು ಮಾಡಿದರೆ ಇವತ್ತು ಮುಗಿಯುವುದಿಲ್ಲ.

ಅರ್ಜಿಯಲ್ಲಿ ಧರ್ಮ, ಜಾತಿಯ ಕಾಲಂ ಹೇಗೆ ತುಂಬುವುದು? ನಮ್ಮದು ಅಂತರ್ಧರ್ಮೀಯ ಮದುವೆ.

ಸಿಟ್ಟಿನಲ್ಲಿ ತುಂಬಬೇಡಿ. ದಾಖಲಾತಿ ರಿಜಿಸ್ಟರಿನಲ್ಲಿ ಬರೆದದ್ದು ಟಿ.ಸಿ.ಗೂ ಹೋಗುತ್ತದೆ, ಮುಂದೆ ತಹಶೀಲ್ದಾರರ ಜಾತಿ ಪ್ರಮಾಣಪತ್ರಕ್ಕೆ ಓಡುವಾಗ ಅದನ್ನೇ ಕೇಳುತ್ತಾರೆ. ಗಂಡ ಹೆಂಡತಿ ಕೂತು ಮಾತಾಡಿ, ಇಬ್ಬರೂ ಒಪ್ಪಿದ್ದನ್ನೇ ಬರೆಸಿ. ಅಜ್ಜ ಅಜ್ಜಿಯರ ಕೈಗೆ ಪೆನ್ನು ಕೊಡಬೇಡಿ.

ಶಾಲೆಯಲ್ಲಿ ಮಗುವಿನ ಧರ್ಮದ ಬಗ್ಗೆ ಯಾರೋ ಹಗುರವಾಗಿ ಮಾತಾಡಿದರೆ?

ಮೊದಲು ಮಗುವಿನ ಮಾತು ಪೂರ್ತಿ ಕೇಳಿ. ಅರ್ಧ ಮಾತಿಗೆ ಫೋನು ಎತ್ತಿಕೊಳ್ಳಬೇಡಿ. ವಾಟ್ಸಾಪ್ ಗುಂಪಿಗೆ ಹಾಕಲೇಬೇಡಿ. ಹಾಕಿದ ಒಂದು ಗಂಟೆಯಲ್ಲಿ ಮಗುವಿನ ವಿಷಯ ಹೋಗಿ ಶಾಲೆಯ ಗೇಟಿನ ಎದುರು ಘೋಷಣೆ ಇರುತ್ತದೆ, ನಿಮ್ಮ ಮಗು ಮರುದಿನ ಆ ಗೇಟಿನಿಂದಲೇ ಒಳಗೆ ಹೋಗಬೇಕು. ಆ ಟೀಚರ್ ಜೊತೆ ಮಾತಾಡಿ, ಆಮೇಲೆ ಮುಖ್ಯ ಶಿಕ್ಷಕರು. ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ ಎಂಬ ಶಾಲಾ ಸಮಿತಿ ಇದೆ, ಅದರಲ್ಲಿ ಪೋಷಕರೇ ಇರುತ್ತಾರೆ. ಅಲ್ಲಿಯೂ ಆಗದಿದ್ದರೆ ನಿಮ್ಮ ಬ್ಲಾಕಿನ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ. ಬ್ಲಾಕು ಯಾವುದೆಂದು ಮೊದಲು ತಿಳಿದುಕೊಳ್ಳಿ, ಮಂಗಳೂರಿನಲ್ಲಿ ಉತ್ತರ, ದಕ್ಷಿಣ ಬೇರೆ ಬೇರೆ; ಉಡುಪಿ ಕಡೆಯವರಿಗೆ ಬ್ರಹ್ಮಾವರ ಬೇರೆ. ಅದರ ಮೇಲೆ ಜಿಲ್ಲೆಯ ಉಪನಿರ್ದೇಶಕರು, ಅಂದರೆ ಡಿಡಿಪಿಐ. ದೂರನ್ನು ಒಂದು ಪುಟದೊಳಗೆ ಬರೆಯಿರಿ, ತಾರೀಕು ಹಾಕಿ, ಮಗು ಹೇಳಿದ ಮಾತನ್ನು ಮಗು ಹೇಳಿದ ಹಾಗೆಯೇ ಬರೆಯಿರಿ. ಎರಡು ಪ್ರತಿ ಒಯ್ದು, ಒಂದಕ್ಕೆ ಕಚೇರಿಯ ಸೀಲು ಹಾಕಿಸಿಕೊಂಡು ವಾಪಸು ತನ್ನಿ.

ಬರೆಯಲು ಬರುವುದಿಲ್ಲ ಎನ್ನುವವರು ನಮ್ಮ ಜಗಲಿಗೆ ಬನ್ನಿ. ನಾಲ್ಕು ಗಂಟೆಯ ಮೇಲೆ, ಭಾನುವಾರ ಬಿಟ್ಟು.